ಕೇಬಲ್ ರಸ್ತೆ ಬದಿಗೆ ಬಂತು, ನೆಟ್ ಮಾತ್ರ ಮನೆಯೊಳಗೆ ಬರಲೊಲ್ಲದು

ರಾತ್ರಿ ಒಂದೂವರೆ. ಮಗಳು ಇನ್ನೂ ಮಲಗಿಲ್ಲ. ಕಾಲೇಜಿಗೆ ಕಳಿಸಬೇಕಾದ ವಿಡಿಯೊ ಶೇ. 94ಕ್ಕೆ ಬಂದು ನಿಂತಿದೆ. ಕಿಟಕಿ ಸರಳಿಗೆ ಫೋನ್ ಕಟ್ಟಿ, ಹಾಟ್‌ಸ್ಪಾಟ್ ಹಾಕಿ, ಅದರ ಕೆಳಗೇ ಕುರ್ಚಿ ಎಳೆದುಕೊಂಡು ಕೂತಿದ್ದಾಳೆ. ಇದು ಮೂರನೇ ಸಲ. ಎರಡು ಸಲ ನಡುವೆಯೇ ಕಡಿದು ಮತ್ತೆ ಸೊನ್ನೆಯಿಂದ ಶುರುವಾಯಿತು. ಬೆಳಿಗ್ಗೆ ಎಂಟಕ್ಕೆ ಗಡುವು ಮುಗಿಯುತ್ತದೆ.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ನಮ್ಮ ಗೇಟಿನಿಂದ ಇನ್ನೂರು ಹೆಜ್ಜೆ ಆಚೆ ಫೈಬರ್ ಕೇಬಲ್ ಇದೆ! ಎರಡು ವರ್ಷದ ಹಿಂದೆ ನಮ್ಮ ಕಣ್ಣೆದುರೇ ರಸ್ತೆ ಬದಿ ಅಗೆದು ಹೂತರು. ಉಳಿದ ಕೇಬಲನ್ನು ಸುರುಳಿ ಸುತ್ತಿ ಕಂಬಕ್ಕೆ ತೂಗುಹಾಕಿ ಹೋದರು. ಈಗ ಅದರ ಮೇಲೆ ಬಳ್ಳಿ ಹಬ್ಬಿದೆ. ಕೇಬಲ್ ಹಾಕಿದವರಿಗೆ ಫೋನ್ ಮಾಡಿ ಕೇಳಿದರೆ, "ಸರ್, ನಿಮ್ಮ ಊರು ಆಗಲೇ ಕವರ್ ಆಗಿದೆಯಲ್ಲ" ಅನ್ನುತ್ತಾರೆ. ಎಲ್ಲಿ ಆಗಿದೆ? ಒಂದೇ ಒಂದು ಕಟ್ಟಡಕ್ಕೆ ಲೈನ್ ಎಳೆದಿದ್ದಾರೆ. ಅಷ್ಟಕ್ಕೇ ಅವರ ಪಟ್ಟಿಯಲ್ಲಿ ಊರಿಗೆಲ್ಲ ಟಿಕ್ ಬಿದ್ದಿದೆ. ಟಿಕ್ ಬಿದ್ದ ಊರಿಗೆ ಯಾರೂ ತಿರುಗಿ ಬರುವುದಿಲ್ಲ.

ಈ ಸುಳ್ಳು ಲೆಕ್ಕ ಎಲ್ಲ ಕಡೆಯೂ ಇದೆ. ಅಮೆರಿಕದಲ್ಲೇ ನೋಡಿ. ಜನಗಣತಿಗೆ ಅಂತ ಗುರುತು ಹಾಕಿದ ತುಂಡು ಪ್ರದೇಶಕ್ಕೆ ಅಲ್ಲಿ ಬ್ಲಾಕ್ ಅನ್ನುತ್ತಾರೆ. ಅಂಥ ಒಂದು ಬ್ಲಾಕ್‌ನಲ್ಲಿ ಒಂದು ಮನೆಗೆ ಕನೆಕ್ಷನ್ ಕೊಡಲು ಸಾಧ್ಯವಿದ್ದರೂ ಸಾಕು, ಇಡೀ ಬ್ಲಾಕಿಗೆ ಬ್ರಾಡ್‌ಬ್ಯಾಂಡ್ ಇದೆ ಅಂತ ವರ್ಷಗಟ್ಟಲೆ ಬರೆದುಕೊಂಡರು. ಹಳ್ಳಿಗಾಡಿನಲ್ಲಿ ಅಂಥ ಬ್ಲಾಕ್ ಮೈಲಿಗಟ್ಟಲೆ ಹರಡಿರುತ್ತದೆ. ಒಂದೊಂದು ಮನೆಯನ್ನೂ ಬೇರೆಬೇರೆಯಾಗಿ ಗುರುತಿಸುವ ನಕ್ಷೆ ಅಲ್ಲಿ ಹೊರಬಂದಿದ್ದು 2022ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ನೆಟ್ ಇಲ್ಲದವರು ಕಾಗದದ ಮೇಲೆ "ಇದ್ದವರು".

"ಮನೆಗಳು ದೂರ ದೂರ ಇವೆ, ಖರ್ಚು ಹುಟ್ಟಲ್ಲ" ಅನ್ನುವುದು ಇನ್ನೊಂದು ಮಾತು. ಫೈಬರ್ ಹಾಕುವುದರಲ್ಲಿ ದೊಡ್ಡ ಖರ್ಚು ಅಗೆಯುವುದಕ್ಕೇ ಹೋಗುತ್ತದೆ, ಕೇಬಲಿಗಲ್ಲ. ಅದು ನನಗೂ ಗೊತ್ತು. ಆದರೆ ಇಲ್ಲಿ ಅಗೆದಾಗಿದೆಯಲ್ಲ! ಊರಿನವರೆಗೆ ತಂದು, ಬಾಗಿಲ ಮುಂದೆ ಬಿಟ್ಟು ಹೋಗುವುದು ಯಾವ ಉಳಿತಾಯ?

ಬೇರೆ ದಾರಿ ನೋಡಿಕೊಳ್ಳಿ ಅನ್ನುವವರೂ ಇದ್ದಾರೆ. ಹಳೇ ತಾಮ್ರದ ಫೋನ್ ಲೈನಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ ದೂರವಾದಷ್ಟೂ ಸ್ಪೀಡ್ ಸಾಯುತ್ತದೆ. ಟವರ್ ನೆಟ್ ಸಂಜೆ ಎಲ್ಲರೂ ಹಿಡಿದಾಗ ತೆವಳುತ್ತದೆ. ಹಳೇ ಮಾದರಿಯ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ. ಮಾತು ಅಲ್ಲಿಗೆ ಹೋಗಿ ಇಳಿದು, ಉತ್ತರವೂ ಅದೇ ದಾರಿಯಲ್ಲಿ ಬರುವಷ್ಟರಲ್ಲಿ ಅರ್ಧ ಸೆಕೆಂಡ್ ಕಳೆದಿರುತ್ತದೆ. ವಿಡಿಯೊ ಕರೆಯಲ್ಲಿ ಡಾಕ್ಟರು ಒಂದು ಕೇಳುತ್ತಾರೆ, ಅಮ್ಮ ಹಿಂದಿನ ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತಾರೆ. ಕೊನೆಗೆ ಇಬ್ಬರೂ ಸುಮ್ಮನಾಗುತ್ತಾರೆ. ಕೆಳಗೆ ಸುತ್ತುವ ಹೊಸ ಉಪಗ್ರಹಗಳು ಎಷ್ಟೋ ವಾಸಿ, ಒಪ್ಪುತ್ತೇನೆ. ಆದರೆ ಕಣ್ಣೆದುರು ಫೈಬರ್ ಇಟ್ಟುಕೊಂಡು ನಾವ್ಯಾಕೆ ಆಕಾಶ ನೋಡಬೇಕು?

"ಹಳ್ಳಿಯವರಿಗೆ ಅಷ್ಟು ಸ್ಪೀಡ್ ಯಾಕೆ" ಅಂತ ಒಬ್ಬರು ನನ್ನ ಮುಖಕ್ಕೇ ಕೇಳಿದರು. ಅವತ್ತಿನಿಂದ ಆ ಮಾತು ಎದೆಯಲ್ಲಿ ಚುಚ್ಚುತ್ತಾ ಇದೆ. ಸರ್ಕಾರದ ಅರ್ಜಿ ಆನ್‌ಲೈನ್, ಬ್ಯಾಂಕ್ ಆನ್‌ಲೈನ್, ಪರೀಕ್ಷೆಯ ಫಲಿತಾಂಶ ಆನ್‌ಲೈನ್. ಎಲ್ಲವನ್ನೂ ಅಲ್ಲಿಗೆ ತಳ್ಳಿದ ಮೇಲೆ ದಾರಿ ಮಾಡಿಕೊಡಬೇಡ್ವಾ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜು ಓದಿದೆ. ಜಗತ್ತಿನ ನಗರಗಳಲ್ಲಿ ಶೇ. 83 ಜನ ನೆಟ್ ಬಳಸುತ್ತಾರೆ, ಹಳ್ಳಿಗಳಲ್ಲಿ ಶೇ. 48. ಇದನ್ನು ಹಳ್ಳಿಯವರ ಆಸಕ್ತಿ ಕಡಿಮೆ ಅಂತ ಓದುವವರಿಗೆ ಏನು ಹೇಳುವುದು!

ಫಿನ್‌ಲ್ಯಾಂಡ್ 2010ರಲ್ಲೇ ಒಂದು ಎಂಬಿಪಿಎಸ್ ಸ್ಪೀಡಿನ ನೆಟ್ ಸಂಪರ್ಕ ಪ್ರತಿಯೊಬ್ಬರ ಹಕ್ಕು ಅಂತ ಕಾನೂನು ಜಾರಿಗೆ ತಂದಿತು. ಇಂಗ್ಲೆಂಡಿನ ಲ್ಯಾಂಕಶೈರ್ ಹಳ್ಳಿಗಳವರು ಕಾದು ಕಾದು ಸಾಕಾಗಿ, ತಾವೇ ಬಿ4ಆರ್‌ಎನ್ ಎಂಬ ಸಂಸ್ಥೆ ಕಟ್ಟಿದರು. ರೈತರು ಹೊಲದಲ್ಲಿ ಕೇಬಲಿಗೆ ಪುಕ್ಕಟೆ ಜಾಗ ಬಿಟ್ಟರು. ಜನರೇ ಗುದ್ದಲಿ ಹಿಡಿದರು. ಈಗ ಅಲ್ಲಿನ ಮನೆಗಳಲ್ಲಿ ಗಿಗಾಬಿಟ್ ಸ್ಪೀಡ್ ಇದೆ.

ನಾವೂ ಅಗೆಯುತ್ತೇವೆ ಸ್ವಾಮಿ. ನಮ್ಮ ಜಾಗದಲ್ಲಿ, ನಮ್ಮ ಕೈಯಾರೆ. ಇನ್ನೂರು ಹೆಜ್ಜೆ ತಾನೇ, ಎರಡು ದಿನದ ಕೆಲಸ. ನೀವು ಬಂದು ಕಂಬದ ಮೇಲಿನ ಆ ಸುರುಳಿ ಬಿಚ್ಚಿ, ಲೈನ್ ಜೋಡಿಸಿ ಕೊಡಿ. ಬಳ್ಳಿಯನ್ನು ನಾಳೆ ಬೆಳಿಗ್ಗೆಯೇ ಕಿತ್ತು ಹಾಕಿರುತ್ತೇನೆ.