ಸರ್ಕಾರಿ ಮೀಟರ್‌ಗೆ ಕೇಳಿಸದ ಡಬ್ ಡಬ್

ಗಣಪತಿ ಕಳಿಸೋ ರಾತ್ರಿ ಬೆಳಗಾವಿಯ ಖಡೇಬಜಾರದಲ್ಲಿ ನಿಂತರೆ ಶಬ್ದ ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ಆಮೇಲೆ ಅಂಗಡಿಗಳ ಶಟರ್‌ಗಳಿಗೆ. ಅವೂ ಗಡಗಡ ಅಂತ ತಾಳ ಹಾಕುತ್ತವೆ. ಡಿಜೆ ಗಾಡಿಯ ಹುಡುಗ ಈಕ್ವಲೈಸರ್‌ನಲ್ಲಿ, ಅಂದರೆ ದಪ್ಪ ದನಿ, ತೆಳು ದನಿಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸೋ ಸಾಧನದಲ್ಲಿ, ಲೋ ಶೆಲ್ಫ್ ಅನ್ನೋ ಫಿಲ್ಟರ್ ಹಾಕಿ, 100 ಹರ್ಟ್ಸ್ ಕೆಳಗಿನ ದಪ್ಪ ದನಿಯನ್ನೆಲ್ಲ (ಬೇಸ್) 12 ಡೆಸಿಬೆಲ್ ಎತ್ತಿರುತ್ತಾನೆ. ಶೆಲ್ಫ್ ಫಿಲ್ಟರ್ ಒಬ್ಬರನ್ನೇ ಎತ್ತೋದಲ್ಲ, ಗೆರೆಯ ಕೆಳಗಿದ್ದವರಿಗೆಲ್ಲ ಒಟ್ಟಿಗೇ ಬಡ್ತಿ. ಅಷ್ಟು ಭಾಗಕ್ಕೆ ಆಂಪ್ಲಿಫೈಯರ್ ಸುಮಾರು 16 ಪಟ್ಟು ಪವರ್ ಕೊಡಬೇಕು. ಜನರೇಟರ್ ಸುಮ್ನೆ ಹೊಗೆ ಬಿಡಲ್ಲ.

ದೂರು ಹೋಗುತ್ತದೆ. "ಸ್ವಲ್ಪ ಕಡಿಮಿ ಮಾಡ್ರಿ" ಅಂತ ಅಪ್ಪಣೆ ಬರುತ್ತದೆ. ಹುಡುಗ ವಿಧೇಯ. 1000 ಹರ್ಟ್ಸ್‌ನಲ್ಲಿ ಒಂದು ಬೆಲ್ ಫಿಲ್ಟರ್ (ಒಂದು ಜಾಗದ ಆಸುಪಾಸನ್ನಷ್ಟೇ ಮುಟ್ಟೋದು), 6 ಡೆಸಿಬೆಲ್ ಇಳಿಕೆ, ಕ್ಯೂ 10. ಫಿಲ್ಟರ್‌ನ ನಡುವಿನ ಫ್ರೀಕ್ವೆನ್ಸಿಯನ್ನು ಅದು ಮುಟ್ಟೋ ಅಗಲದಿಂದ (ಬ್ಯಾಂಡ್‌ವಿಡ್ತ್) ಭಾಗಿಸಿದರೆ ಬರೋದು ಕ್ಯೂ. ಹಾಗಾಗಿ ಇಳಿದದ್ದು ಸುಮಾರು 100 ಹರ್ಟ್ಸ್ ಅಗಲದ ಸೀಳು, ಅಷ್ಟೇ. ಕ್ಯೂ 1 ಇಟ್ಟಿದ್ದರೆ ಹಾಡಿನ ಬಣ್ಣವೇ ಬದಲಾಗುತ್ತಿತ್ತು. 10 ಇಟ್ಟರೆ ಮೈಕ್ ಕುಂಯ್ ಅನ್ನೋದು ನಿಂತೀತು, ನಿಮಗೆ ನಿದ್ದೆ ಬರಲ್ಲ. ಆದರೂ "6 ಡೆಸಿಬೆಲ್ ಇಳಿಸೀವ್ರೀ ಸರ್" ಅನ್ನೋದು ಸುಳ್ಳಲ್ಲ ಅಲ್ವಾ?

ಸರಿ, ಮೀಟರ್ ತನ್ನಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇದೆ. ಆದರೆ ಅದು ಎ-ವೇಟಿಂಗ್ ಡೆಸಿಬೆಲ್. ಮೀಟರ್ ಹೊಟ್ಟೆಯಲ್ಲೂ ಒಂದು ಈಕ್ವಲೈಸರ್ ಇದೆ ಅಂತಾಯ್ತು. ಮೆಲ್ಲಗಿನ ಶಬ್ದದಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ ಅಂತ ಅದು 63 ಹರ್ಟ್ಸ್‌ನಲ್ಲಿ 26 ಡೆಸಿಬೆಲ್ ಕಳೆದುಬಿಡುತ್ತದೆ, 31.5ರಲ್ಲಿ 39. ಮೆಲ್ಲಗಿನ ಶಬ್ದದ ಲೆಕ್ಕ, ಗೋಡೆಯೆತ್ತರದ ಸ್ಪೀಕರ್‌ಗೆ! ಹುಡುಗ 12 ಕೂಡಿಸಿದ, ಸರ್ಕಾರ 26 ಕಳೆಯಿತು. ಇನ್ನೂ 14 ಅವನ ಖಾತೆಯಲ್ಲೇ ಜಮಾ.

ಸಿ-ವೇಟಿಂಗ್ ಅನ್ನೋ ಇನ್ನೊಂದು ಆಯ್ಕೆ ಎಷ್ಟೋ ಮೀಟರ್‌ಗಳಲ್ಲೇ ಇದೆ. 63 ಹರ್ಟ್ಸ್‌ನಲ್ಲಿ ಅದು ಒಂದು ಡೆಸಿಬೆಲ್ ಕೂಡ ಪೂರ್ತಿ ಕಳೆಯಲ್ಲ. ಮಿತಿ ಬರೆದವರು ಆ ಕಡೆ ನೋಡಿಲ್ಲ.

ಹಾಗಂತ ಎ-ವೇಟಿಂಗ್ ಎಲ್ಲರಿಗೂ ಉದಾರಿ ಅಲ್ಲ. 3000 ಹರ್ಟ್ಸ್ ಆಸುಪಾಸಿನ ಶಬ್ದಕ್ಕೆ ಒಂದು ಡೆಸಿಬೆಲ್ ಜಾಸ್ತಿಯೇ ಸೇರಿಸುತ್ತದೆ. ಕಪಿಲೇಶ್ವರ ಹೊಂಡದ ದಾರಿಯಲ್ಲಿ ಜನರನ್ನು ಸರಿಸಲು ಪೇದೆ ಊದುವ ಸೀಟಿ ಹೆಚ್ಚುಕಮ್ಮಿ ಅಲ್ಲೇ ಕೂಗೋದು. ಮೊದಲ ಕೇಸು ಅವನ ಮೇಲೆ ಬೀಳಬೇಕು.