ಬಿಪಿ ನೋಡಿ ಹೋದರೆ ಸಾಲದು

ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು 30 ವರ್ಷ ದಾಟಿದವರ ಬಿಪಿ, ಶುಗರ್ ನೋಡುತ್ತಾರೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ತುಂಬಾ ಒಳ್ಳೆ ಕೆಲಸ. 2025ರಲ್ಲಿ ಹಾಸನದಲ್ಲಿ ಒಬ್ಬರ ಹಿಂದೆ ಒಬ್ಬರು ಹಾರ್ಟ್ ಅಟ್ಯಾಕ್‌ನಿಂದ ಸತ್ತ ಸುದ್ದಿ ಕೇಳಿ ಜನ ಗಾಬರಿಯಾಗಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಕ್ಯೂ ನಿಂತರಲ್ಲ, ಅವರಲ್ಲಿ ಎಷ್ಟೋ ಜನಕ್ಕೆ ಊರಲ್ಲೇ ಇಂಥ ತಪಾಸಣೆ ಸಿಕ್ಕಿದ್ದರೆ ಸಾಕಿತ್ತು. ಆದರೆ ಹಗಲು ಹನ್ನೊಂದಕ್ಕೆ ಬಂದರೆ ಮನೆಯಲ್ಲಿ ಯಾರಿರುತ್ತಾರೆ? ಗದ್ದೆಗೋ ಗಾರ್ಮೆಂಟ್ಸ್‌ಗೋ ಹೋಗಿರುತ್ತಾರೆ. ಸಂಜೆ ಹಾಲಿನ ಡೇರಿ ಹತ್ತಿರ ಒಂದು ಟೇಬಲ್ ಹಾಕಿ ಕೂತರೆ ಅರ್ಧ ಊರೇ ಸಿಗುತ್ತೆ. ಇನ್ನೊಂದು ವಿಷಯ. ನಮ್ಮ ದೊಡ್ಡಪ್ಪನಿಗೆ ಬಿಪಿ 170 ಇತ್ತು, ಮಾತ್ರೆ ಕೊಟ್ಟರು, ಆ ಶೀಟು ಮುಗಿದ ಮೇಲೆ ‘ಈಗ ಚೆನ್ನಾಗಿದೀನಲ್ಲ’ ಅಂತ ಬಿಟ್ಟೇಬಿಟ್ಟರು. ಬಿಪಿ ಜಾಸ್ತಿ ಇದ್ದರೂ ಎಷ್ಟೋ ಸಲ ಏನೂ ಗೊತ್ತಾಗಲ್ಲ ಅಲ್ವಾ, ಅದಕ್ಕೇ ತಿಂಗಳಾದ ಮೇಲೆ ಮತ್ತೆ ಬಂದು ನೋಡಲೇಬೇಕು, ಬೀಡಿ ಬಿಟ್ಟಿರಾ ಅಂತಲೂ ಕೇಳಬೇಕು.