24 ಸಾವಿರದ ಸೂಟ್‌ಕೇಸು, 180 ರೂಪಾಯಿಯ ಗಾಲಿ

ಹೋದ ತಿಂಗಳು ತಂಗಿಯ ಮಗ ಫೋನ್ ಮಾಡಿದ್ದ. "ಮಾಮಾ, ಒಂದು ಸೂಟ್‌ಕೇಸ್ ನೋಡೇನಿ. 24 ಸಾವಿರ. ತಗೊಳ್ಲೋ ಬ್ಯಾಡೋ?"

ಹುಡುಗ ಎಂ.ಎಸ್. ಓದೋಕೆ ಜರ್ಮನಿಗೆ ಹೊರಟಿದ್ದಾನೆ. ಸೂಟ್‌ಕೇಸಿನ ವಿಷಯಕ್ಕೆ ಅವರ ಮನೆಯಲ್ಲಿ ಎರಡು ಪಾರ್ಟಿ ಆಗಿವೆ. "ಒಮ್ಮೆ ತಗೊಂಡ್ರ ಜೀವನಪೂರ್ತಿ ನಡೀತೈತಿ" ಅಂತ ಅವರಪ್ಪ. "ಆ ರೊಕ್ಕದಾಗ ವಾಷಿಂಗ್ ಮಷೀನ್ ಬರ್ತೈತಿ" ಅಂತ ನನ್ನ ತಂಗಿ. ಉಳಿದಿದ್ದು ನನ್ನ ವೋಟು.

ನನಗೆ ಈ ವಿಷಯದಲ್ಲಿ ಮಾತಾಡುವ ಹಕ್ಕಿದೆ ಅಂದುಕೊಂಡಿದ್ದೇನೆ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನನ್ನ ಕೆಲಸ. ತಿಂಗಳಲ್ಲಿ ಹತ್ತು ದಿನ ಊರೂರು ತಿರುಗಾಟ. ಬಸ್ಸು, ರೈಲು, ಈಗೀಗ ಹುಬ್ಬಳ್ಳಿಯಿಂದ ವಿಮಾನ. 16 ವರ್ಷದಲ್ಲಿ ಐದು ಬ್ಯಾಗ್ ಮುಗಿಸಿ ಆರನೆಯದನ್ನು ಎಳೆಯುತ್ತಿದ್ದೇನೆ. ಆ ಐದರಲ್ಲಿ ಮೂರು ಗಾಲಿ ಹೋಗಿ ಸತ್ತವು, ಒಂದು ಜಿಪ್ ಕಿತ್ತು, ಇನ್ನೊಂದು ಹ್ಯಾಂಡಲ್ ಸಿಕ್ಕಿಕೊಂಡು. ಮೈ ಒಡೆದು ಹೋದದ್ದು ಒಂದೂ ಇಲ್ಲ. ಆದರೆ ಅಂಗಡಿಗೆ ಹೋದಾಗ ನಾವು ನೋಡೋದು ಮೈಯನ್ನೇ. ಬಣ್ಣ, ಹೊಳಪು. ಅಂಗಡಿಯ ಹುಡುಗ ಅದರ ಮೇಲೆ ಹತ್ತಿ ನಿಂತು ತೋರಿಸುತ್ತಾನೆ. ಅಲ್ರೀ, ಸೂಟ್‌ಕೇಸ್ ಕೊಳ್ಳೋದು ಮೇಲೆ ನಿಲ್ಲೋಕಾ, ಎಳೆಯೋಕಾ?

ಆರನೆಯದರ ಕಥೆ ಹೇಳುತ್ತೇನೆ. 2021ರಲ್ಲಿ 19 ಸಾವಿರ ಕೊಟ್ಟು ತಂದದ್ದು. ಇನ್ನು ಈ ಜನ್ಮಕ್ಕೆ ಇದೇ ಸಾಕು ಅಂತ ಹೆಂಡತಿಗೆ ಮಾತು ಕೊಟ್ಟಿದ್ದೆ. ಎರಡು ವರ್ಷ ಚೆನ್ನಾಗಿ ನಡೆಯಿತು. ಮುರಿಯಲು ಅದು ಆರಿಸಿಕೊಂಡ ಜಾಗ ನೋಡಿ: ಹುಬ್ಬಳ್ಳಿ ಸ್ಟೇಷನ್‌ನ ಎಂಟನೇ ಪ್ಲಾಟ್‌ಫಾರ್ಮ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅದೇ 1,507 ಮೀಟರ್ ಉದ್ದದ್ದು, ಅಲ್ಲಿಯವರೆಗೆ ಜಗತ್ತಿನಲ್ಲೇ ಅತಿ ಉದ್ದದ್ದು ಅನಿಸಿಕೊಂಡಿದ್ದ ಗೋರಖ್‌ಪುರವನ್ನು ಹಿಂದೆ ಹಾಕಿದ್ದು. ಇಡೀ ಉದ್ದ ಯಾರೂ ನಡೆಯಬೇಕಾಗಿಲ್ಲ, ರೈಲು ಅಷ್ಟು ಉದ್ದ ಇರಲ್ಲ. ಆದರೆ ಒಂದು ಗಾಲಿ ಇಲ್ಲದ ಬ್ಯಾಗನ್ನು ಓರೆ ಮಾಡಿ ಎಳೆಯುವವನಿಗೆ ಅರ್ಧ ದಾರಿಯಲ್ಲೇ ವಿಶ್ವದಾಖಲೆಯ ಮೇಲೆ ಸಿಟ್ಟು ಬರುತ್ತದೆ. ಗ್ರಾನೈಟ್ ಮೇಲೆ ಕರ್ರ್ ಅಂತ ಸದ್ದು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡೋರೇ.

ವಾರಂಟಿ ಐದು ವರ್ಷ ಇತ್ತು. ಕಾರ್ಡ್ ಹಿಡಿದು ಸರ್ವಿಸ್ ಸೆಂಟರ್‌ಗೆ ಹೋದೆ. "ಗಾಲಿ ಸವಕಳಿ ಲೆಕ್ಕ ಸರ್, ವಾರಂಟಿಗೆ ಬರಲ್ಲ. ಪಾರ್ಟ್ ಮುಂಬೈಯಿಂದ ಬರಬೇಕು, ಆರು ವಾರ ಆಗಬಹುದು." ಆರು ವಾರ! ಅಷ್ಟರಲ್ಲಿ ನಮ್ಮ ಮೆಂತ್ಯ ಸೊಪ್ಪು ಬಿತ್ತಿ, ಕಿತ್ತು, ಮಾರಿ ಆಗುತ್ತದೆ.

ಕೊನೆಗೆ ಹುಬ್ಬಳ್ಳಿಯ ದುರ್ಗದಬೈಲಿನ ಕಡೆ ಒಂದು ಸಂದಿಯಲ್ಲಿ ಬ್ಯಾಗ್ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಬ್ಯಾಗನ್ನು ಮಗುವಿನ ಹಾಗೆ ತೊಡೆಯ ಮೇಲೆ ಬೋರಲು ಮಲಗಿಸಿಕೊಂಡರು. ಗಾಲಿಯ ಅಚ್ಚಿಗೆ ದಾರ, ಕೂದಲು, ಯಾವುದೋ ಮದುವೆ ಮನೆಯ ಜರಿ ಎಳೆ ಎಲ್ಲ ಸುತ್ತಿಕೊಂಡಿತ್ತು. ಬ್ಲೇಡಿನಿಂದ ಅದನ್ನು ಬಿಡಿಸುತ್ತಲೇ ಹೇಳಿದರು, "ಸಾಹೇಬ್ರ, ರಿವೆಟ್ ಹೊಡದಾರ. ಬಿಚ್ಚಾಕ ಬರಬಾರದು ಅಂತನ ಹಿಂಗ ಮಾಡ್ತಾರ." ಡ್ರಿಲ್ ಹಾಕಿ ರಿವೆಟ್ ತೆಗೆದರು. ಎರಡೂ ಕಡೆ ಹೊಸ ಗಾಲಿ ಇಟ್ಟು ಸ್ಕ್ರೂ, ನಟ್ ಬಿಗಿದರು. 180 ರೂಪಾಯಿ. "ಇನ್ನ ಮ್ಯಾಲೆ ಗಾಲಿ ಹೋದ್ರ ನೀವ ಹಾಕ್ಕೋಬಹುದು, ನನ್ನ ಹತ್ರ ಬರೂದೂ ಬ್ಯಾಡ" ಅಂದರು. ಗಿರಾಕಿಯನ್ನು ತಾವೇ ಕಳೆದುಕೊಳ್ಳುವ ವ್ಯಾಪಾರಿ!

ಹಾಗಾದರೆ ನನ್ನ ಮೊದಲ ಐದು ಬ್ಯಾಗುಗಳನ್ನು ಸುಮ್ನೆ ಎಸೆದೆನಲ್ಲ ಅಂದೆ. ಅದಕ್ಕೂ ಅವರ ಹತ್ತಿರ ಉತ್ತರ ಇತ್ತು. "ಭಾಳ ಅಗ್ಗದ್ದರಾಗ ತಳ ತೆಳು ಇರ್ತೈತ್ರಿ, ಸ್ಕ್ರೂ ಹಿಡಿಯೂದಿಲ್ಲ."

ಅವತ್ತಿನಿಂದ ನನಗೆ ಗಟ್ಟಿ ಬ್ಯಾಗ್ ಅಂದರೆ ಮುರಿಯದ ಬ್ಯಾಗ್ ಅಲ್ಲ. ಮುರಿದ ಮೇಲೆ ನಮ್ಮೂರಲ್ಲೇ ಸರಿಯಾಗುವ ಬ್ಯಾಗ್.

ಮುರಿಯದೇ ಇರುವುದು ಬೇಕಾದರೆ ನಮ್ಮ ಮನೆಯ ಅಟ್ಟದಲ್ಲೇ ಇದೆ. ಅಪ್ಪನ ತಗಡಿನ ಟ್ರಂಕು. ಅವರು ಧಾರವಾಡದಲ್ಲಿ ಕಾಲೇಜು ಓದಲು ಹೋದಾಗ ಹೆಗಲ ಮೇಲೆ ಹೊತ್ತದ್ದು. ಇವತ್ತಿಗೂ ಕೀಲು ಅಲ್ಲಾಡಿಲ್ಲ. ಅದರಲ್ಲಿ ವರ್ಷದ ಬ್ಯಾಡಗಿ ಮೆಣಸಿನಕಾಯಿ ಇಡುತ್ತೇವೆ. ಆದರೆ ಅದನ್ನು ಹೊತ್ತುಕೊಂಡು ಊರಿಗೆ ಹೊರಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಆ ಕಾಲದಲ್ಲಿ ಗಾಲಿಯ ಚಿಂತೆಯೇ ಇರಲಿಲ್ಲ. ಸೂಟ್‌ಕೇಸಿಗೆ ಗಾಲಿ ಹಚ್ಚಿ ಅಮೆರಿಕದ ಬರ್ನಾರ್ಡ್ ಸ್ಯಾಡೋ ಪೇಟೆಂಟ್ ಪಡೆದದ್ದೇ 1972ರಲ್ಲಿ. ಭಾರ ಹೆಗಲಿಂದ ಇಳಿದು ಗಾಲಿಗೆ ಹೋಯಿತು, ನಾವು ಇನ್ನೂ ಮೈ ಮುಟ್ಟಿ ನೋಡುತ್ತಿದ್ದೇವೆ.

ಟ್ರಂಕಿನ ತಮ್ಮನಂಥದ್ದು ಈಗಲೂ ಇದೆ. 1898ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಶುರುವಾದ ರಿಮೋವಾ ಕಂಪನಿಯ ಅಲ್ಯೂಮಿನಿಯಂ ಪೆಟ್ಟಿಗೆ. ನೋಡೋಕೆ ಭಾರಿ ಚಂದ, ಬೆಲೆ ಲಕ್ಷದ ಮೇಲೆ. ಕ್ಯಾಬಿನ್ ಅಳತೆಯದ್ದೇ ಖಾಲಿ ನಾಲ್ಕು ಕೆ.ಜಿ. ದಾಟುತ್ತದೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಯಲ್ಲಿ ಒಯ್ಯೋಕೆ ಸಾಮಾನ್ಯವಾಗಿ ಬಿಡೋದು ಏಳು ಕೆ.ಜಿ. ಉಳಿದದ್ದು ಮೂರು ಕೆ.ಜಿ.ಯೂ ಇಲ್ಲ. ಲಕ್ಷ ಕೊಟ್ಟು ಎರಡು ಜೊತೆ ಬಟ್ಟೆ ಒಯ್ಯೋದಾ?

ಹಾಗಂತ ದುಬಾರಿಯದೆಲ್ಲ ಮೋಸ ಅನ್ನಲಾರೆ. ಮೈಗೆ ಬಳಸುವ ಪ್ಲಾಸ್ಟಿಕ್ಕಿನಲ್ಲೂ ಬಗೆ ಇದೆ. ಪಾಲಿಕಾರ್ಬೊನೇಟ್ ಒತ್ತಿದರೆ ತಗ್ಗಾಗಿ ಮತ್ತೆ ಮೇಲೆ ಬರುತ್ತದೆ. ಪಾಲಿಪ್ರೊಪಿಲೀನೂ ಬಾಗುತ್ತದೆ, ಮೇಲಾಗಿ ಹಗುರ. ಅಗ್ಗದ ಎಬಿಎಸ್ ಬಿರುಸು, ಚಳಿಯಲ್ಲಿ ಜೋರಾಗಿ ಬಿದ್ದರೆ ಸೀಳುವುದೇ ಜಾಸ್ತಿ. ಈ ವ್ಯತ್ಯಾಸಕ್ಕೆ ನಾಲ್ಕೈದು ಸಾವಿರ ಜಾಸ್ತಿ ಕೊಡಬಹುದು. ಅದರ ಮೇಲೆ ಕೊಡೋದು ಹೆಸರಿಗೆ. ಇನ್ನು ನಂಬರ್ ಲಾಕಿಗೆ ಮರುಳಾಗಬೇಡಿ. ಸಾಮಾನ್ಯ ನೈಲಾನ್ ಹಲ್ಲಿನ ಜಿಪ್ಪನ್ನು ಬಾಲ್‌ಪೆನ್ ಚುಚ್ಚಿ ತೆಗೆಯಬಹುದು, ರನ್ನರ್ ಸರಿದಾಡುವಂತಿದ್ದರೆ ಒಮ್ಮೆ ಎಳೆದು ಮತ್ತೆ ಮುಚ್ಚಲೂಬಹುದು. ಲಾಕ್ ಹಾಗೇ ಇರುತ್ತದೆ, ಪಾಪ.

ವಾರಂಟಿಯನ್ನಂತೂ ಓದಿಯೇ ಕೊಳ್ಳಬೇಕು. ಹೆಚ್ಚಿನ ಕಡೆ "ತಯಾರಿಕೆಯ ದೋಷಕ್ಕೆ ಮಾತ್ರ" ಅಂತ ಸಣ್ಣಕ್ಷರದಲ್ಲಿರುತ್ತದೆ, ವಿಮಾನದವರು ಎತ್ತಿ ಒಗೆದದ್ದು ಅದರಲ್ಲಿ ಸೇರಲ್ಲ. ಬ್ರಿಗ್ಸ್ ಅಂಡ್ ರೈಲಿಯಂಥ ಕಂಪನಿ ಅದನ್ನೂ ಸೇರಿಸಿ ಜೀವನಪೂರ್ತಿ ರಿಪೇರಿ ಮಾಡಿಕೊಡುತ್ತದೆ. ವಾರಕ್ಕೊಮ್ಮೆ ವಿಮಾನ ಹತ್ತುವವರಿಗೆ ಅಂಥದ್ದು ಲೆಕ್ಕಕ್ಕೆ ಸರಿ. ನಮ್ಮ ಹುಡುಗ ಒಮ್ಮೆ ಹೋಗುತ್ತಾನೆ, ಎರಡು ವರ್ಷಕ್ಕೆ ಒಮ್ಮೆ ಬರುತ್ತಾನೆ. ನಡುವೆ ಸೂಟ್‌ಕೇಸು ಹಾಸ್ಟೆಲ್ ಮಂಚದ ಕೆಳಗೆ. 24 ಸಾವಿರ ಯಾತಕ್ಕೆ?

ನನ್ನ ವೋಟು ತಂಗಿಯ ಪಾರ್ಟಿಗೆ ಬಿತ್ತು. ಹುಬ್ಬಳ್ಳಿಗೆ ಮೂವರೂ ಹೋಗಿ 7,200ಕ್ಕೆ ಒಂದು ಪಾಲಿಪ್ರೊಪಿಲೀನ್ ತಂದೆವು. ನಾನು ಅಂಗಡಿಯಲ್ಲೇ ಬೋರಲು ಹಾಕಿ ಸ್ಕ್ರೂ ಇದೆಯೋ ರಿವೆಟ್ಟೋ ನೋಡಿದೆ. ಹುಡುಗನಿಗೆ ನಾಚಿಕೆ ಆಗಿ ಮೊಬೈಲ್ ನೋಡುತ್ತಾ ದೂರ ನಿಂತಿದ್ದ.

ಮೊನ್ನೆ ಭಾನುವಾರ ತುಂಬಿಸಿ ನಮ್ಮ ಗೋಡೌನಿಗೆ ತಂದರು, ಬೀಜದ ಚೀಲ ತೂಗುವ ಮಷೀನ್ ಮೇಲೆ ಇಟ್ಟೆವು. ಅವನ ಟಿಕೆಟ್ಟಿನಲ್ಲಿ ಬಿಟ್ಟಿದ್ದು 23 ಕೆ.ಜಿ. ತೂಕ ಬಂದಿದ್ದು 25 ಕೆ.ಜಿ. 400 ಗ್ರಾಂ. ಒಳಗೆ ಕಟಕ ರೊಟ್ಟಿ ನಾಲ್ಕು ಕಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೇಲೆ ಎರಡು ದಪ್ಪ ಪುಸ್ತಕ. ತಂಗಿ ಒಂದು ಮಾತೂ ಆಡದೆ ಜಿಪ್ ತೆಗೆದು ಪುಸ್ತಕ ಎರಡೂ ಹೊರಗಿಟ್ಟಳು.